ಪೇಪರ್ ಕಳಿಸಿದ ಮೇಲೆ ಅದು ಯಾರ ಕೈಗೆ ಹೋಗುತ್ತದೆ? ಮ್ಯಾನೇಜ್‌ಮೆಂಟ್ ಜರ್ನಲ್‌ಗೆ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

"ಸರ್, ಏಳು ವಾರ ಆಯ್ತು. ಸ್ಟೇಟಸ್ ಇನ್ನೂ 'ವಿತ್ ಎಡಿಟರ್' ಅಂತಲೇ ತೋರಿಸ್ತಿದೆ. ಫೋನ್ ಮಾಡಿ ಕೇಳಲಾ?"

ಬಾಗಲಕೋಟೆಯ ನವನಗರದಲ್ಲಿ ಕೂತ ನನಗೆ ಇಂಥ ಕರೆ ತಿಂಗಳಿಗೆ ಎರಡಾದರೂ ಬರುತ್ತವೆ. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದವರು, ವಿಟಿಯು ಅಡಿಯಲ್ಲಿ ಪಿಎಚ್‌ಡಿ ಮಾಡುವವರು, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದವರು. ಎಲ್ಲರ ಪ್ರಶ್ನೆಯೂ ಒಂದೇ: ಒಳಗೆ ಏನು ನಡೀತಿದೆ?

ಎಂಬಿಎ ಮಕ್ಕಳಿಗೆ ಪಾಠ ಮಾಡುವ ಜೊತೆಗೆ ನಾನು ಕೆಲವು ಜರ್ನಲ್‌ಗಳಿಗೆ ವಿಮರ್ಶಕನಾಗಿ, ಅಂದರೆ ಬಂದ ಪೇಪರ್ ಓದಿ ಸಂಪಾದಕರಿಗೆ ಸಲಹೆ ಕೊಡುವವನಾಗಿ, ಕೆಲಸ ಮಾಡುತ್ತೇನೆ. ಅದಕ್ಕೂ ಮೊದಲು ಹತ್ತು ವರ್ಷ ಪೇಪರ್ ಕಳಿಸಿ ವಾಪಸ್ ತಗೊಂಡವನು. ಹಾಗಾಗಿ ಬಾಗಿಲಿನ ಎರಡೂ ಕಡೆ ನಿಂತು ನೋಡಿದ್ದೇನೆ. ಪ್ರತಿ ಹಂತದಲ್ಲಿ ನಿಮ್ಮ ಫೈಲು ಯಾರ ಮುಂದೆ ಇರುತ್ತದೆ, ಅವರು ಏನು ನೋಡುತ್ತಾರೆ, ನೀವು ಏನು ಮಾಡಬೇಕು ಎಂದು ಇಲ್ಲಿ ಹೇಳುತ್ತೇನೆ. ಆ ಕಡೆ ಕೂತವರೆಲ್ಲ ಬಿಡುವಿಲ್ಲದ ಜನ. ಬಹುಪಾಲು ಜನಕ್ಕೆ ಈ ಕೆಲಸಕ್ಕೆ ಒಂದು ಪೈಸೆಯೂ ಸಿಗುವುದಿಲ್ಲ. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಎಷ್ಟೋ ಸಂಗತಿ ತಾನಾಗಿ ಅರ್ಥವಾಗುತ್ತದೆ.

ಉದಾಹರಣೆಗೆ ಒಂದು ಪೇಪರ್ ಇದೆ ಅಂತ ಇಟ್ಟುಕೊಳ್ಳೋಣ: ಇಳಕಲ್ ಸೀರೆ ನೇಕಾರರ ಬಗ್ಗೆ. ಕೊನೆಯವರೆಗೆ ಇದೇ ಪೇಪರಿನ ಬೆನ್ನು ಹತ್ತೋಣ.

ಜರ್ನಲ್ ಮೊದಲು, ಬರವಣಿಗೆ ಆಮೇಲೆ

ನಮ್ಮಲ್ಲಿ ಇದು ಉಲ್ಟಾ ನಡೆಯುತ್ತದೆ. ಪೇಪರ್ ಬರೆದು ಮುಗಿಸಿ, ಆಮೇಲೆ "ಎಲ್ಲಿ ಹಾಕೋಣ" ಅಂತ ಹುಡುಕುತ್ತೇವೆ. ಮೊದಲು ಮೂರು ಜರ್ನಲ್ ಗುರುತು ಮಾಡಿಕೊಳ್ಳಿ. ಒಂದೊಂದರದ್ದೂ ಕಳೆದ ಎರಡು ವರ್ಷದ ಸಂಚಿಕೆ ತಿರುವಿ ಹಾಕಿ. ನಿಮ್ಮ ವಿಷಯಕ್ಕೆ ಹತ್ತಿರದ ಒಂದು ಲೇಖನವೂ ಕಾಣದಿದ್ದರೆ ಅದು ನಿಮ್ಮ ಮನೆ ಅಲ್ಲ. ಕಂಡರೆ, ಆ ಲೇಖನ ಯಾವ ಚರ್ಚೆಯಿಂದ ಶುರುವಾಗಿದೆ ಅಂತ ಬರೆದಿಟ್ಟುಕೊಳ್ಳಿ. ನಾಳೆ ನೀವು ಸೇರಬೇಕಾದದ್ದು ಅದೇ ಚರ್ಚೆಗೆ.

ಭಾರತದಲ್ಲೇ ಒಳ್ಳೆಯ ಆಯ್ಕೆಗಳಿವೆ. ಐಐಎಂ ಅಹಮದಾಬಾದಿನ 'ವಿಕಲ್ಪ' 1976ರಿಂದ ಬರುತ್ತಿದೆ. ಐಐಎಂ ಬೆಂಗಳೂರಿನ 'ಐಐಎಂಬಿ ಮ್ಯಾನೇಜ್‌ಮೆಂಟ್ ರಿವ್ಯೂ', ಐಐಎಂ ಕಲ್ಕತ್ತಾದ 'ಡಿಸಿಷನ್' ಇವೆ. ಹೊರಗಿನ ದೊಡ್ಡ ಹೆಸರುಗಳೆಂದರೆ 1956ರಲ್ಲಿ ಶುರುವಾದ 'ಅಡ್ಮಿನಿಸ್ಟ್ರೇಟಿವ್ ಸೈನ್ಸ್ ಕ್ವಾರ್ಟರ್ಲಿ', 1958ರ 'ಅಕಾಡೆಮಿ ಆಫ್ ಮ್ಯಾನೇಜ್‌ಮೆಂಟ್ ಜರ್ನಲ್'. ಅಲ್ಲಿಗೆ ನೂರು ಪೇಪರ್ ಹೋದರೆ ಹತ್ತೂ ಅಚ್ಚಾಗುವುದಿಲ್ಲ. ಇನ್ನು 'ಹಾರ್ವರ್ಡ್ ಬಿಸಿನೆಸ್ ರಿವ್ಯೂ' ಬಹಳ ಪ್ರಸಿದ್ಧ ನಿಜ, ಆದರೆ ಅದು ಮ್ಯಾನೇಜರುಗಳ ಪತ್ರಿಕೆ. ಅಲ್ಲಿ ಪೀರ್ ರಿವ್ಯೂ, ಅಂದರೆ ಅದೇ ವಿಷಯ ಬಲ್ಲ ಬೇರೆ ವಿದ್ವಾಂಸರ ವಿಮರ್ಶೆ, ಇಲ್ಲ. ಬಯೋಡಾಟಾದಲ್ಲಿ ಅದನ್ನು ಜರ್ನಲ್ ಪಟ್ಟಿಗೆ ಸೇರಿಸಬೇಡಿ.

"ಯುಜಿಸಿ ಕೇರ್ ಪಟ್ಟಿಯಲ್ಲಿ ಇದೆಯಾ?" ಅಂತ ಈಗಲೂ ಕೇಳುವವರಿದ್ದಾರೆ. ಅದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಮಾನ್ಯ ಮಾಡಿದ ಜರ್ನಲ್‌ಗಳ ಪಟ್ಟಿಯಾಗಿತ್ತು. 2025ರ ಫೆಬ್ರವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನೇ ನಿಲ್ಲಿಸಿತು. ಈಗ ಜವಾಬ್ದಾರಿ ಸಂಸ್ಥೆಯದ್ದು, ನಿಮ್ಮದು. ನಾನು ನೋಡುವುದು ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಜರ್ನಲ್ ಸೂಚಿಗಳು, ಆಸ್ಟ್ರೇಲಿಯಾದ ಬಿಸಿನೆಸ್ ಡೀನ್‌ಗಳ ಎಬಿಡಿಸಿ ಪಟ್ಟಿ. ಅದರಲ್ಲಿ ಎ ಸ್ಟಾರ್, ಎ, ಬಿ, ಸಿ ಅಂತ ನಾಲ್ಕು ದರ್ಜೆ. ಇವನ್ನೆಲ್ಲ ಆ ಪಟ್ಟಿಗಳ ಸ್ವಂತ ಜಾಲತಾಣದಲ್ಲೇ ಹುಡುಕಿ ನೋಡಿ. ಜರ್ನಲ್ ತನ್ನ ಮುಖಪುಟದಲ್ಲಿ ಹಾಕಿಕೊಂಡ ಲೋಗೋ ನಂಬಬೇಡಿ. ಐಎಸ್‌ಎಸ್‌ಎನ್ ನಂಬರ್ ಇದ್ದರೆ ಅದು ಬರೀ ನಂಬರ್. ಗಾಡಿಗೆ ನಂಬರ್ ಪ್ಲೇಟ್ ಇದೆ ಅಂದಮಾತ್ರಕ್ಕೆ ಎಂಜಿನ್ ಚೆನ್ನಾಗಿದೆ ಅಂತಲ್ಲ.

ನಾನೇ ಒಮ್ಮೆ ಮೋಸ ಹೋಗಿದ್ದೇನೆ. ಕೆಲಸಕ್ಕೆ ಸೇರಿದ ಹೊಸತು. ಒಂದು 'ಅಂತರರಾಷ್ಟ್ರೀಯ' ಜರ್ನಲ್‌ಗೆ ಶುಕ್ರವಾರ ಕಳಿಸಿದೆ, ಸೋಮವಾರ ಒಪ್ಪಿಗೆ ಬಂತು. ದುಡ್ಡು ಕಟ್ಟಿದೆ. ವಿಮರ್ಶೆ ಅಂತ ಬಂದದ್ದು ಒಂದೇ ಸಾಲು: "ಪೇಪರ್ ಚೆನ್ನಾಗಿದೆ, ಫಾಂಟ್ ಸರಿಮಾಡಿ." ಮನೆಯಲ್ಲಿ ಪೇಡೆ ಹಂಚಿದೆ. ಎರಡು ವರ್ಷದಲ್ಲಿ ಆ ಜರ್ನಲ್ಲೇ ಕಾಣೆಯಾಯಿತು, ನನ್ನ ಪೇಪರ್ ಸಮೇತ. ಈ ರೋಗ ನಮ್ಮ ಭಾಗದ್ದು ಮಾತ್ರ ಅಂದುಕೊಳ್ಳಬೇಡಿ. 2013ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ ಬೇಕಂತಲೇ ತಪ್ಪು ತುಂಬಿದ ಒಂದು ಸುಳ್ಳು ಪೇಪರನ್ನು 304 ಓಪನ್ ಆಕ್ಸೆಸ್ (ಯಾರು ಬೇಕಾದರೂ ಪುಕ್ಕಟೆ ಓದಬಹುದಾದ) ಜರ್ನಲ್‌ಗಳಿಗೆ ಕಳಿಸಿದ. 157 ಜರ್ನಲ್‌ಗಳು ಒಪ್ಪಿಕೊಂಡವು! ಹಾಗಂತ ಓಪನ್ ಆಕ್ಸೆಸ್ ಅಂದರೆ ಮೋಸ ಅಂತಲ್ಲ. ಮೋಸದ ಗುರುತು ಬೇರೆ: ವಾರದೊಳಗೆ ಒಪ್ಪಿಗೆಯ ಭರವಸೆ, ಮ್ಯಾನೇಜ್‌ಮೆಂಟಿನಿಂದ ಮೀನುಗಾರಿಕೆವರೆಗೆ ಎಲ್ಲ ವಿಷಯವನ್ನೂ ಒಂದೇ ಸಂಚಿಕೆಯಲ್ಲಿ ಹಾಕುವುದು, ವಾಟ್ಸಾಪಿನಲ್ಲಿ "ಡಿಯರ್ ಪ್ರೊಫೆಸರ್" ಅಂತ ಕರೆಯುವುದು.

ಲೇಖನ ಓದಲು ದುಡ್ಡಿಲ್ಲ ಅನ್ನುವ ನೆಪ ಈಗ ಅಷ್ಟು ನಡೆಯುವುದಿಲ್ಲ. 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆ 2025ರ ಜನವರಿಯಿಂದ ಜಾರಿಯಲ್ಲಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಿಗುತ್ತವೆ. ಖಾಸಗಿ ಕಾಲೇಜಿನವರಾದರೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿರುವ ಗೆಳೆಯರನ್ನು ಹಿಡಿಯಿರಿ.

ಕಳಿಸುವ ಮೊದಲು: ಇಳಕಲ್ ಯಾಕೆ?

ಈಗ ನಮ್ಮ ಇಳಕಲ್ ಪೇಪರ್. ಸಾಮಾನ್ಯವಾಗಿ ನನ್ನ ಕೈಗೆ ಬರುವ ಮೊದಲ ಕರಡು ಹೀಗಿರುತ್ತದೆ. ಶೀರ್ಷಿಕೆ: 'ಇಳಕಲ್ ಕೈಮಗ್ಗ ನೇಕಾರರ ಉದ್ಯೋಗ ತೃಪ್ತಿಯ ಒಂದು ಅಧ್ಯಯನ'. ಮಾದರಿ ಗಾತ್ರ 384. ಐದು ಅಂಕದ ಪ್ರಶ್ನಾವಳಿ. ಎಸ್‌ಪಿಎಸ್‌ಎಸ್ ಎಂಬ ಅಂಕಿಅಂಶದ ತಂತ್ರಾಂಶದಲ್ಲಿ ಕ್ರೋನ್‌ಬಾಕ್ ಆಲ್ಫಾ (ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಹೇಳುವ ಅಂಕಿ) 0.7ಕ್ಕಿಂತ ಜಾಸ್ತಿ. ಕೊನೆಗೆ "ಸರ್ಕಾರ ನೇಕಾರರಿಗೆ ಸಹಾಯ ಮಾಡಬೇಕು" ಎಂಬ ಸಲಹೆ.

ಈ 384 ಎಲ್ಲಿಂದ ಬಂತು ಅಂತ ಕೇಳಿದರೆ ಅರ್ಧ ಜನಕ್ಕೆ ಗೊತ್ತಿರುವುದಿಲ್ಲ. 1970ರಲ್ಲಿ ಕ್ರೆಜ್ಸಿ ಮತ್ತು ಮಾರ್ಗನ್ ಎಂಬಿಬ್ಬರು ಕೊಟ್ಟ ಕೋಷ್ಟಕದಲ್ಲಿ ಹತ್ತು ಲಕ್ಷ ಜನಸಂಖ್ಯೆಯ ಎದುರಿಗೆ ಇರುವ ಸಂಖ್ಯೆ ಅದು. ಆದರೆ ಅದು ಕೆಲಸ ಮಾಡುವುದು ಆ ಜನರಿಂದ ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ, ಆರಿಸಿದಾಗ. ಸಂಘದ ಕಾರ್ಯದರ್ಶಿ ಪರಿಚಯ ಮಾಡಿಸಿದ ಮನೆಗಳಿಗೆ ಮಾತ್ರ ಹೋಗಿ 384 ಜನರನ್ನು ಕೇಳಿದರೆ ಆ ಕೋಷ್ಟಕಕ್ಕೂ ನಿಮಗೂ ಸಂಬಂಧ ಇಲ್ಲ. ವಿಮರ್ಶಕರು ಇದನ್ನು ಮೊದಲ ಓದಿನಲ್ಲೇ ಹಿಡಿಯುತ್ತಾರೆ.

ಇದಕ್ಕಿಂತ ದೊಡ್ಡ ತೊಂದರೆ ಪ್ರಶ್ನೆಯದ್ದು. ನೇಕಾರರಿಗೆ ತೃಪ್ತಿ ಇದೆಯೋ ಇಲ್ಲವೋ ಎಂದು ಫಿನ್‌ಲ್ಯಾಂಡಿನಲ್ಲಿ ಕೂತ ಓದುಗ ಯಾಕೆ ಓದಬೇಕು? ಸಂಪಾದಕರು ಕೇಳುವ ಪ್ರಶ್ನೆ ಇದೊಂದೇ. "ಇಳಕಲ್‌ನಲ್ಲಿ ಯಾರೂ ಈ ಅಧ್ಯಯನ ಮಾಡಿಲ್ಲ" ಎಂಬುದು ಉತ್ತರ ಆಗುವುದಿಲ್ಲ. ಅಮೀನಗಡದ ಕರದಂಟಿನ ಬಗ್ಗೆಯೂ ಯಾರೂ ಮಾಡಿಲ್ಲ, ಹಾಗಂತ ಅದನ್ನೂ ಅಚ್ಚು ಹಾಕುತ್ತಾರಾ?

ಹಾಗಾದರೆ ಇಳಕಲ್ ಬಿಟ್ಟುಬಿಡಬೇಕಾ? ಬೇಡ. ಮಗ್ಗದ ಹತ್ತಿರ ಹೋಗಿ ಕೂತು ನೋಡಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಹಾಕುವ ನೂಲು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆ ಹಾಕಿ ಜೋಡಿಸುತ್ತಾರೆ. ಹಾಗಾಗಿ ಹತ್ತು ಸೀರೆಗೆ ಒಂದೇ ಉದ್ದನೆಯ ಹಾಸು ಬಿಡಲು ಆಗುವುದಿಲ್ಲ. ಪ್ರತಿ ಸೀರೆಗೂ ಹೊಸ ಹಾಸು. ಮ್ಯಾನೇಜ್‌ಮೆಂಟ್ ಓದಿದವರಿಗೆ ಇಲ್ಲಿ ಕಿವಿ ನೆಟ್ಟಗಾಗಬೇಕು. ಉತ್ಪಾದನೆ ಜಾಸ್ತಿ ಮಾಡಿದರೆ ಖರ್ಚು ಇಳಿಯುತ್ತದೆ ಎಂಬ ಲೆಕ್ಕ ಇಲ್ಲಿ ಅಷ್ಟು ಸುಲಭಕ್ಕೆ ಕೂರುವುದಿಲ್ಲ. ಇನ್ನೊಂದು ಕಡೆ, ನೂಲು ಕೊಟ್ಟು ಮುಂಗಡ ಕೊಟ್ಟು ಸೀರೆ ನೇಯಿಸುವ ಮಾಲೀಕ ಇದ್ದಾನೆ. ಬೇರೆಯವನು ಕೂಲಿ ಜಾಸ್ತಿ ಕೊಡ್ತೀನಿ ಅಂದರೂ ನೇಕಾರ ಹಳೆ ಮಾಲೀಕನನ್ನು ಬಿಡದೆ ಉಳಿಯುವುದುಂಟಾ? ಉಳಿದರೆ ಅದು ಮುಂಗಡದ ಸಾಲಕ್ಕಾ, ನಂಬಿಕೆಗಾ, ಹಬ್ಬಕ್ಕೆ ಮದುವೆಗೆ ಕೈ ಹಿಡಿದ ಋಣಕ್ಕಾ?

ಈಗ ಪೇಪರ್ ಬದಲಾಯಿತು. ಬರಹದಲ್ಲಿ ಕರಾರು ಇಲ್ಲದೆಯೂ ವ್ಯಾಪಾರದ ಸಂಬಂಧ ಹೇಗೆ ಬಾಳುತ್ತದೆ ಎಂಬುದು ಇಡೀ ಮ್ಯಾನೇಜ್‌ಮೆಂಟ್ ಲೋಕದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕಲು ಇಳಕಲ್ ಒಳ್ಳೆಯ ಜಾಗ. ಮೊದಲ ಎರಡು ಪುಟದಲ್ಲಿ ಇದಿಷ್ಟು ಕಾಣಬೇಕು: ಜನ ಈವರೆಗೆ ಏನು ತಿಳಿದಿದ್ದರು, ಎಲ್ಲಿ ಅದು ಸಾಲದು, ನೀವು ಏನು ಸೇರಿಸುತ್ತಿದ್ದೀರಿ. ಇಳಕಲ್ ಊರಿನ ಇತಿಹಾಸ ನಂತರ ಬರಲಿ.

ನಮ್ಮ ಭಾಗಕ್ಕೇ ಸೇರಿದ ಇನ್ನೊಂದು ವಿಷಯ, ಭಾಷೆ. ಪ್ರಶ್ನಾವಳಿ ಇಂಗ್ಲಿಷಿನಲ್ಲಿ ಎರವಲು ತಂದದ್ದು, ಕೇಳಿದ್ದು ಕನ್ನಡದಲ್ಲಿ. ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳಲ್ಲಿ ಮಾಡಿದರೆ ಅರ್ಧ ಜನರನ್ನು ಮರಾಠಿಯಲ್ಲಿ ಕೇಳಬೇಕಾಗುತ್ತದೆ. ಯಾರು ಅನುವಾದ ಮಾಡಿದರು? ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ ಹೋಲಿಸಿದಿರಾ? ಇದನ್ನು ಬ್ಯಾಕ್ ಟ್ರಾನ್ಸ್‌ಲೇಷನ್ ಅನ್ನುತ್ತಾರೆ. ಎರಡು ಭಾಷೆ ಇದ್ದರೆ ಎರಡರಲ್ಲೂ ಅಳತೆಗೋಲು ಒಂದೇ ಥರ ಕೆಲಸ ಮಾಡಿತಾ ಅಂತಲೂ ತೋರಿಸಬೇಕು. ಇನ್ನು ಓದಲು ಬಾರದ ಅಜ್ಜನ ಮುಂದೆ ಕೂತು ಪ್ರಶ್ನೆ ಓದಿದರೆ ಎಲ್ಲದಕ್ಕೂ "ಹೌದ್ರಿ, ಹೌದ್ರಿ" ಅಂತಾನೆ. ಮನೆಗೆ ಬಂದವರಿಗೆ ಇಲ್ಲ ಅನ್ನುವುದು ನಮ್ಮ ಕಡೆ ಮರ್ಯಾದೆ ಅಲ್ಲ. ಅದಕ್ಕೆ ಕೆಲವು ಪ್ರಶ್ನೆಗಳನ್ನು ತಿರುಗಿಸಿ ಕೇಳಬೇಕು. ಇದನ್ನೆಲ್ಲ ಮಾಡಿಯೂ ಪೇಪರಿನಲ್ಲಿ ಬರೆಯದೆ ಬಿಡುವವರೇ ಜಾಸ್ತಿ. ಬರೆಯದ್ದನ್ನು ವಿಮರ್ಶಕರು ಮಾಡಿಲ್ಲ ಅಂತಲೇ ತಿಳಿಯುತ್ತಾರೆ.

ಕೃತಿಚೌರ್ಯದ ಲೆಕ್ಕ ಬೇಗ ಹೇಳಿಬಿಡುತ್ತೇನೆ. ಯುಜಿಸಿಯ 2018ರ ನಿಯಮದ ಪ್ರಕಾರ ಬೇರೆ ಬರಹದ ಜೊತೆ ಹೋಲಿಕೆ 10 ಪರ್ಸೆಂಟ್‌ವರೆಗೆ ಇದ್ದರೆ ದಂಡವಿಲ್ಲ. ಅಲ್ಲಿಂದ 40, 60 ಅಂತ ಮೆಟ್ಟಿಲು ಏರಿದ ಹಾಗೆ ಶಿಕ್ಷೆಯೂ ಏರುತ್ತದೆ. ಜರ್ನಲ್‌ಗಳು ಬರೀ ಅಂಕಿ ನೋಡುವುದಿಲ್ಲ, ಹೋಲಿಕೆ ಎಲ್ಲಿದೆ ಅಂತ ನೋಡುತ್ತವೆ. ವಿಧಾನದ ಭಾಗದಲ್ಲಿ ನಾಲ್ಕು ಸಾಲು ಹೋಲುವುದು ಬೇರೆ, ಚರ್ಚೆಯ ಭಾಗದಲ್ಲಿ ಒಂದು ಪ್ಯಾರಾ ಹೋಲುವುದು ಬೇರೆ. ನಿಮ್ಮದೇ ಹಳೆ ಪೇಪರಿನಿಂದ ಎತ್ತಿದರೂ ಅದು ಲೆಕ್ಕಕ್ಕೆ ಬರುತ್ತದೆ.

ಎಐ ಬಳಸಿ ಇಂಗ್ಲಿಷ್ ತಿದ್ದಿಸಿದ್ದರೆ ಹಾಗೆಂದು ಹೇಳಿ. ಬಹುತೇಕ ಪ್ರಕಾಶಕರು ಅದಕ್ಕೊಂದು ಘೋಷಣೆ ಕೇಳುತ್ತಾರೆ. ಎಐ ಲೇಖಕನಾಗಲು ಸಾಧ್ಯವಿಲ್ಲ ಎಂದು ಪ್ರಕಟಣೆಯ ನೀತಿ ನೋಡುವ 'ಕೋಪ್' ಸಂಸ್ಥೆ 2023ರಲ್ಲೇ ಹೇಳಿದೆ. ಎಐ ತಾನೇ ಹುಟ್ಟಿಸಿದ ಪರಾಮರ್ಶನ (ರೆಫರೆನ್ಸ್) ಒಂದು ಸಿಕ್ಕರೂ ಸಾಕು, ನಿಮ್ಮ ಮಾತಿನ ಮೇಲಿನ ನಂಬಿಕೆ ಪೂರ್ತಿ ಹೋಯಿತು.

ಅಪ್‌ಲೋಡ್ ದಿನ

ಜರ್ನಲ್‌ಗಳು ಹೆಚ್ಚಾಗಿ ಸ್ಕಾಲರ್‌ಒನ್ ಅಥವಾ ಎಡಿಟೋರಿಯಲ್ ಮ್ಯಾನೇಜರ್ ಎಂಬ ತಂತ್ರಾಂಶ ಬಳಸುತ್ತವೆ. ಒಂದು ಖಾತೆ ತೆರೆಯಬೇಕು. ಆರ್ಕಿಡ್ ನಂಬರ್ (ಸಂಶೋಧಕರ ಗುರುತಿನ ಸಂಖ್ಯೆ) ಇಲ್ಲದಿದ್ದರೆ ಅವತ್ತೇ ಮಾಡಿಕೊಳ್ಳಿ, ಪುಕ್ಕಟೆ. ಪಾಟೀಲ, ಹಿರೇಮಠ, ಕುಲಕರ್ಣಿ ಅಂತ ಹೆಸರಿರುವ ನಮ್ಮ ಕಡೆಯವರಿಗೆ ಅದು ಬಹಳ ಉಪಯೋಗ. ನೂರಾರು ಪಾಟೀಲರ ನಡುವೆ ನಿಮ್ಮ ಪೇಪರ್ ನಿಮ್ಮದೇ ಅಂತ ಗುರುತು ಸಿಗುತ್ತದೆ.

ಮ್ಯಾನೇಜ್‌ಮೆಂಟಿನಲ್ಲಿ ಹೆಚ್ಚಾಗಿ ನಡೆಯುವುದು ಡಬಲ್ ಬ್ಲೈಂಡ್ ವಿಮರ್ಶೆ. ಲೇಖಕರು ಯಾರೆಂದು ವಿಮರ್ಶಕರಿಗೆ ಗೊತ್ತಿಲ್ಲ, ವಿಮರ್ಶಕರು ಯಾರೆಂದು ಲೇಖಕರಿಗೆ ಗೊತ್ತಿಲ್ಲ. ಅದಕ್ಕೇ ಹೆಸರು, ಕಾಲೇಜು ಇರುವ ಮೊದಲ ಪುಟ ಬೇರೆ ಫೈಲಿನಲ್ಲಿ ಹೋಗಬೇಕು. ಮುಖ್ಯ ಫೈಲಿನಲ್ಲಿ ಕೃತಜ್ಞತೆ ಇರಬಾರದು. "ನಮ್ಮ ಹಿಂದಿನ ಅಧ್ಯಯನದಲ್ಲಿ ನಾವು ತೋರಿಸಿದಂತೆ" ಅಂತ ಬರೆದು ನಿಮ್ಮದೇ ಹೆಸರು ಹಾಕಿದರೆ ಗುಟ್ಟು ರಟ್ಟಾಯಿತು. ವರ್ಡ್ ಫೈಲಿನ ಪ್ರಾಪರ್ಟೀಸ್‌ನಲ್ಲಿ ಲೇಖಕರ ಹೆಸರು ಉಳಿದಿರುತ್ತದೆ, ಅದನ್ನೂ ತೆಗೆಯಿರಿ. ಒಮ್ಮೆ ನನಗೆ ಬಂದ ಪೇಪರಿನಲ್ಲಿ ಹೆಸರೆಲ್ಲ ಅಳಿಸಿದ್ದರು. ಅನುಬಂಧದ ಪ್ರಶ್ನಾವಳಿಯ ತಲೆಯ ಮೇಲೆ ಮಾತ್ರ ಗೈಡ್ ಹೆಸರು, ಕಾಲೇಜು, ಮೊಬೈಲ್ ನಂಬರ್ ಎಲ್ಲ ಹಾಗೇ ಇತ್ತು.

ಕವರ್ ಲೆಟರ್ ಅರ್ಧ ಪುಟ ಸಾಕು. ಪೇಪರ್ ಏನು ಹೇಳುತ್ತದೆ, ಈ ಜರ್ನಲ್‌ಗೇ ಯಾಕೆ, ಬೇರೆಲ್ಲೂ ಕಳಿಸಿಲ್ಲ. ಕೊನೆಯದ್ದು ಸುಮ್ನೆ ಬರೆಯುವ ಮಾತಲ್ಲ. ಒಂದೇ ಪೇಪರನ್ನು ಏಕಕಾಲಕ್ಕೆ ಎರಡು ಕಡೆ ಕಳಿಸುವುದು ದೊಡ್ಡ ತಪ್ಪು. ಎರಡೂ ಜರ್ನಲ್‌ಗಳು ಒಬ್ಬರೇ ವಿಮರ್ಶಕರಿಗೆ ಕಳಿಸುವುದೂ ಉಂಟು. ಆಗ ಎರಡೂ ಕಡೆ ಬಾಗಿಲು ಮುಚ್ಚುತ್ತದೆ.

ಲೇಖಕರ ಹೆಸರಿನ ಕ್ರಮ ಈ ದಿನಕ್ಕೆ ಮುಂಚೆಯೇ ತೀರ್ಮಾನವಾಗಿರಬೇಕು. ಕೆಲಸ ಮಾಡದ ವಿಭಾಗಾಧ್ಯಕ್ಷರನ್ನು ಸೇರಿಸುವ ಪದ್ಧತಿ ಬಗ್ಗೆ ನನ್ನ ಅಭಿಪ್ರಾಯ ಎಲ್ಲರಿಗೂ ಗೊತ್ತು, ಇಲ್ಲಿ ಬೇಡ. ಆದರೆ ಒಪ್ಪಿಗೆ ಬಂದ ಮೇಲೆ ಹೆಸರು ಸೇರಿಸಲು ಹೋದರೆ ಜರ್ನಲ್ ಕಾರಣ ಕೇಳುತ್ತದೆ. ಎಲ್ಲ ಲೇಖಕರ ಸಹಿಯನ್ನೂ ಕೇಳುತ್ತದೆ.

ಫೈಲು ಮೊದಲು ಹೋಗುವುದು ಕಚೇರಿ ಸಹಾಯಕರ ಹತ್ತಿರ. ಅವರು ವಿಷಯ ಓದುವುದಿಲ್ಲ. ಪದಮಿತಿ, ಕೋಷ್ಟಕ, ಪರಾಮರ್ಶನದ ಶೈಲಿ, ಹೋಲಿಕೆ ವರದಿ, ನೈತಿಕ ಅನುಮತಿ, ಹೆಸರು ಅಳಿಸಿದೆಯಾ, ಇಷ್ಟೇ ನೋಡುತ್ತಾರೆ. ಏನಾದರೂ ತಪ್ಪಿದ್ದರೆ ವಾಪಸ್ ಬರುತ್ತದೆ. ಅದು ತಿರಸ್ಕಾರ ಅಲ್ಲ, ಸರಿಮಾಡಿ ಮತ್ತೆ ಕಳಿಸಿ.

ಸಂಪಾದಕರ ಮೇಜು

ಇಲ್ಲಿ ಬಹಳಷ್ಟು ಪೇಪರ್ ಸಾಯುತ್ತವೆ. ಸಂಪಾದಕರು ಶೀರ್ಷಿಕೆ, ಸಾರಾಂಶ, ಮೊದಲ ಎರಡು ಮೂರು ಪುಟ ಓದುತ್ತಾರೆ. ವಿಧಾನದ ಭಾಗದ ಮೇಲೆ ಕಣ್ಣಾಡಿಸುತ್ತಾರೆ. ಪರಾಮರ್ಶನದ ಪಟ್ಟಿ ನೋಡುತ್ತಾರೆ. ನಮ್ಮ ಜರ್ನಲ್‌ನ ಒಂದು ಲೇಖನವನ್ನೂ ಓದಿಲ್ಲವಲ್ಲ ಅನಿಸಿದರೆ ಅಲ್ಲೇ ಅನುಮಾನ. ವಿಮರ್ಶಕರಿಗೆ ಕಳಿಸದೆ ಸಂಪಾದಕರೇ ಬೇಡ ಅಂದರೆ ಅದು ಡೆಸ್ಕ್ ರಿಜೆಕ್ಟ್.

ಹುಡುಗರು ಇದನ್ನು ಅವಮಾನ ಅಂದುಕೊಳ್ಳುತ್ತಾರೆ. "ಓದೇ ಇಲ್ಲ ಸರ್" ಅಂತಾರೆ. ನಿಜ, ಪೂರ್ತಿ ಓದಿರಲಿಕ್ಕಿಲ್ಲ. ಆದರೆ ಸಂಪಾದಕರ ಲೆಕ್ಕ ನೋಡಿ. ಒಂದು ಪೇಪರ್ ಮುಂದೆ ಕಳಿಸಿದರೆ ಇಬ್ಬರು ಮೂವರು ವಿಮರ್ಶಕರ ದಿನಗಟ್ಟಲೆ ಸಮಯ ಖರ್ಚಾಗುತ್ತದೆ. ಗೆಲ್ಲುವ ಸಾಧ್ಯತೆ ಇಲ್ಲದ್ದಕ್ಕೆ ಅದನ್ನು ಸುರಿಯಲು ಅವರು ತಯಾರಿಲ್ಲ. ನಿಮಗೂ ಲಾಭವೇ. ಆರು ತಿಂಗಳು ಕಾದು ಬೇಡ ಅನ್ನಿಸಿಕೊಳ್ಳುವುದಕ್ಕಿಂತ ಎರಡು ವಾರದಲ್ಲಿ ಬೇಡ ಅನ್ನಿಸಿಕೊಳ್ಳುವುದು ವಾಸಿ ಅಲ್ವಾ?

ನಮ್ಮ ಮೊದಲ ಕರಡು, ಆ ಉದ್ಯೋಗ ತೃಪ್ತಿಯದ್ದು, ಇಲ್ಲೇ ನಿಲ್ಲುತ್ತಿತ್ತು. ಎರಡನೆಯದ್ದು ದಾಟಬಹುದು. ಎರಡಕ್ಕೂ ಊರು ಒಂದೇ, ಇಂಗ್ಲಿಷೂ ಒಂದೇ. ನಮ್ಮವರು ಪೇಪರ್ ವಾಪಸ್ ಬಂದಾಗಲೆಲ್ಲ ಇಂಗ್ಲಿಷ್ ಮೇಲೆ ತಪ್ಪು ಹೊರಿಸುತ್ತಾರೆ. ನಾನು ನೋಡಿದ ಮಟ್ಟಿಗೆ ಹೊಸದೇನು ಅಂತ ಹೇಳದೆ ಸತ್ತ ಪೇಪರ್‌ಗಳೇ ಜಾಸ್ತಿ.

ವಿಮರ್ಶಕರ ಬೇಟೆ

ಸಂಪಾದಕರು ದಾಟಿಸಿದರೆ ಫೈಲು ಒಬ್ಬ ಸಹ ಸಂಪಾದಕರಿಗೆ ಹೋಗುತ್ತದೆ. ಅವರ ಕೆಲಸ ವಿಮರ್ಶಕರನ್ನು ಹುಡುಕುವುದು. ಸಾಮಾನ್ಯವಾಗಿ ಇಬ್ಬರು, ದೊಡ್ಡ ಜರ್ನಲ್‌ಗಳಲ್ಲಿ ಮೂವರು. ಒಬ್ಬರಿಗೆ ನೇಕಾರಿಕೆಯಂಥ ಅಸಂಘಟಿತ ವಲಯ ಗೊತ್ತಿರಬೇಕು, ಇನ್ನೊಬ್ಬರಿಗೆ ಸಿದ್ಧಾಂತ, ಮತ್ತೊಬ್ಬರಿಗೆ ಅಂಕಿಅಂಶದ ವಿಧಾನ. ಆಮಂತ್ರಣ ಹೋಗುತ್ತದೆ. ಒಬ್ಬರು ಬೇಡ ಅಂತಾರೆ, ಇನ್ನೊಬ್ಬರು ಉತ್ತರವನ್ನೇ ಕೊಡುವುದಿಲ್ಲ, ಮೂರನೆಯವರು ಒಪ್ಪಿಕೊಂಡು ಮರೆಯುತ್ತಾರೆ. ಇಬ್ಬರು ಸಿಗಲು ಏಳೆಂಟು ಜನರನ್ನು ಕೇಳಬೇಕಾಗುವುದೂ ಇದೆ. ನಿಮ್ಮ ಏಳು ವಾರ ಹೋಗಿದ್ದು ಇಲ್ಲೇ.

ಸ್ಟೇಟಸ್ ಮಾತುಗಳ ಅರ್ಥ ಇಷ್ಟು. 'ವಿತ್ ಎಡಿಟರ್' ಅಂದರೆ ಸಂಪಾದಕರ ಹತ್ತಿರ ಇದೆ, ಅಥವಾ ವಿಮರ್ಶಕರನ್ನು ಹುಡುಕುತ್ತಿದ್ದಾರೆ. 'ಅವೇಟಿಂಗ್ ರಿವ್ಯೂವರ್ ಸೆಲೆಕ್ಷನ್' ಕೂಡ ಅದೇ ಬೇಟೆ. 'ಅಂಡರ್ ರಿವ್ಯೂ' ಅಂದರೆ ವಿಮರ್ಶಕರ ಕೈ ಸೇರಿದೆ. 'ರಿಕ್ವೈರ್ಡ್ ರಿವ್ಯೂಸ್ ಕಂಪ್ಲೀಟೆಡ್' ಅಂದರೆ ವರದಿಗಳು ಬಂದಿವೆ, ತೀರ್ಮಾನ ಬಾಕಿ. ಇದಾದ ಮೇಲೆ ಮತ್ತೆ 'ಅಂಡರ್ ರಿವ್ಯೂ' ಆದರೆ ಗಾಬರಿ ಬೇಡ. ಇಬ್ಬರ ಅಭಿಪ್ರಾಯ ಕೂಡದೆ ಮೂರನೆಯವರನ್ನು ಕೇಳಿರುತ್ತಾರೆ. ದಿನಕ್ಕೆ ನಾಲ್ಕು ಸಲ ಲಾಗಿನ್ ಆಗುವುದನ್ನು ಮಾತ್ರ ಬಿಡಿ.

ಯಾವಾಗ ಕೇಳಬಹುದು? ಮೂರು ತಿಂಗಳು ದಾಟಿದ ಮೇಲೆ, ಪೇಪರಿನ ನಂಬರ್ ಹಾಕಿ, ಎರಡು ಸಾಲಿನ ಮೇಲ್. ಫೋನ್ ಬೇಡ. "ನನ್ನ ಬಡ್ತಿ ಇದೆ, ಬೇಗ ಮಾಡಿ" ಅಂತ ಬರೆಯಲೇಬೇಡಿ. ಪಿಎಚ್‌ಡಿ ಅವಸರ ಇದ್ದವರಿಗೆ ಒಂದು ಮಾತು: ಥೀಸಿಸ್ ಕೊಡುವ ಮೊದಲು ಪೇಪರ್ ಅಚ್ಚಾಗಲೇಬೇಕು ಎಂಬ ಕಡ್ಡಾಯವನ್ನು ಯುಜಿಸಿ 2022ರ ನಿಯಮದಲ್ಲಿ ತೆಗೆದಿದೆ. ನಿಮ್ಮ ವಿಶ್ವವಿದ್ಯಾಲಯದ ಸ್ವಂತ ನಿಯಮ ಏನಿದೆ ಎಂದು ರಿಜಿಸ್ಟ್ರಾರ್ ಕಚೇರಿಯಲ್ಲಿ ಲಿಖಿತವಾಗಿ ತಿಳಿದುಕೊಳ್ಳಿ. ಕಾರಿಡಾರಿನ ಮಾತು ನಂಬಿ ಮೋಸದ ಜರ್ನಲ್ಲಿಗೆ ಓಡಬೇಡಿ.

ವಿಮರ್ಶಕನಾಗಿ ನಾನು ಹೇಗೆ ಓದುತ್ತೇನೆ ಹೇಳುತ್ತೇನೆ. ಮೊದಲ ಸಲ ಚಹಾ ಕುಡಿಯುತ್ತಾ, ಪೆನ್ ಇಲ್ಲದೆ. ಆಮೇಲೆ ಕೋಷ್ಟಕಗಳನ್ನು ಮಾತ್ರ ನೋಡುತ್ತೇನೆ. ಬರಹ ಹೇಳುವುದನ್ನೇ ಕೋಷ್ಟಕ ಹೇಳುತ್ತದಾ? 384 ಜನ ಅಂದವರು ಒಂದು ಕೋಷ್ಟಕದಲ್ಲಿ 371 ಆಗಿದ್ದರೆ ಉಳಿದ 13 ಜನ ಎಲ್ಲಿ ಹೋದರು? ಕಾರಣ ಮತ್ತು ಪರಿಣಾಮ ಎರಡನ್ನೂ ಒಬ್ಬನನ್ನೇ, ಒಂದೇ ದಿನ, ಒಂದೇ ಹಾಳೆಯಲ್ಲಿ ಕೇಳಿದ್ದರೆ ಅದರಿಂದ ಹುಟ್ಟುವ ಸುಳ್ಳು ಸಂಬಂಧವನ್ನು ಹೇಗೆ ನಿಭಾಯಿಸಿದ್ದಾರೆ? ಇದನ್ನು ಪತ್ತೆ ಹಚ್ಚಲು ಬಳಸುವ ಹಾರ್ಮನ್ ಟೆಸ್ಟ್ ಒಂದನ್ನೇ ಮಾಡಿ ಕೈ ತೊಳೆದುಕೊಂಡಿದ್ದರೆ ನನಗೆ ಸಮಾಧಾನ ಆಗುವುದಿಲ್ಲ. ಕೂಲಿ ಲೆಕ್ಕವನ್ನು ನೇಕಾರನಿಂದ, ಮುಂಗಡದ ಲೆಕ್ಕವನ್ನು ಮಾಲೀಕನ ಪುಸ್ತಕದಿಂದ ತಂದಿದ್ದರೆ ಖುಷಿಯಾಗುತ್ತದೆ.

ಕೊನೆಗೆ ಎರಡು ಪೆಟ್ಟಿಗೆ ತುಂಬಬೇಕು. ಒಂದು ಲೇಖಕರಿಗೆ, ಇನ್ನೊಂದು ಸಂಪಾದಕರಿಗೆ ಮಾತ್ರ. ನಿಮಗೆ ಬಂದ ವರದಿ ಸೌಮ್ಯವಾಗಿದ್ದೂ ತೀರ್ಮಾನ ಕಠಿಣವಾಗಿದ್ದರೆ ಕಾರಣ ಆ ಎರಡನೇ ಪೆಟ್ಟಿಗೆಯಲ್ಲಿರಬಹುದು. ಇನ್ನೊಂದು: ವಿಮರ್ಶಕರು ಮತ ಹಾಕುವುದಿಲ್ಲ, ಸಲಹೆ ಕೊಡುತ್ತಾರೆ. ತೀರ್ಮಾನ ಸಂಪಾದಕರದ್ದು. ಇಬ್ಬರು ಸರಿ ಅಂದದ್ದನ್ನು ಸಂಪಾದಕರು ತಳ್ಳಿಹಾಕಿದ್ದೂ ಇದೆ.

ಪತ್ರ ಬಂತು

ನಾಲ್ಕು ಥರದ ತೀರ್ಮಾನ ಬರುತ್ತದೆ. ಮೊದಲ ಸುತ್ತಿನಲ್ಲೇ ನೇರ ಒಪ್ಪಿಗೆ ಬರುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮೈನರ್ ರಿವಿಷನ್, ಅಂದರೆ ಸಣ್ಣ ತಿದ್ದುಪಡಿ, ಬಂದರೆ ಅದೃಷ್ಟ. ಮೇಜರ್ ರಿವಿಷನ್, ಅಂದರೆ ದೊಡ್ಡ ತಿದ್ದುಪಡಿ, ಬಂದರೆ ಕುಂದಾ ತಿನ್ನಿ, ಅದು ಒಳ್ಳೆಯ ಸುದ್ದಿ. ಪತ್ರದ ಭಾಷೆ ಕಟುವಾಗಿರುತ್ತದೆ, "ಗಂಭೀರ ಕೊರತೆಗಳಿವೆ" ಅಂತೆಲ್ಲ ಇರುತ್ತದೆ. ಓದಿ ಎರಡು ದಿನ ಮುಚ್ಚಿಡಿ. ಆ ಎರಡು ದಿನ ಯಾರಿಗೂ ಮೇಲ್ ಬರೆಯಬೇಡಿ.

ಮೂರನೇ ದಿನ ಸಂಪಾದಕರ ಪತ್ರ ಮೊದಲು ಓದಿ, ಆಮೇಲೆ ವಿಮರ್ಶಕರದ್ದು. ಹತ್ತು ಆಕ್ಷೇಪದಲ್ಲಿ ಯಾವ ಮೂರು ಮುಖ್ಯ ಅಂತ ಸಂಪಾದಕರೇ ಹೇಳಿರುತ್ತಾರೆ. ಒಂದು ಕೋಷ್ಟಕ ಮಾಡಿ. ಪ್ರತಿ ಆಕ್ಷೇಪವನ್ನೂ ಅವರ ಮಾತಿನಲ್ಲೇ ನಕಲು ಮಾಡಿ ಎಡಗಡೆ ಹಾಕಿ. ಬಲಗಡೆ ಏನು ಮಾಡಿದಿರಿ, ಯಾವ ಪುಟದಲ್ಲಿ. ಒಂದನ್ನೂ ಬಿಡಬೇಡಿ. ಕಾಗುಣಿತದ ತಪ್ಪು ತೋರಿಸಿದ್ದರೂ ಉತ್ತರಿಸಿ.

ಉತ್ತರ ಇಂಗ್ಲಿಷಿನಲ್ಲೇ ಹೋಗಬೇಕು, ಅರ್ಥಕ್ಕೆ ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ. ವಿಮರ್ಶಕರು ಹೀಗೆ ಕೇಳಿದ್ದಾರೆ ಅಂತಿಟ್ಟುಕೊಳ್ಳಿ: "ಒಂದೇ ಊರಿನ ನೇಕಾರರನ್ನು ನೋಡಿ ಎಲ್ಲ ಕಡೆಗೂ ಅನ್ವಯ ಅನ್ನುವುದು ಸರಿಯಲ್ಲ." ಕೆಟ್ಟ ಉತ್ತರ: "ಧನ್ಯವಾದ. ಸರಿಪಡಿಸಿದ್ದೇವೆ." ಇದನ್ನು ಓದಿದ ವಿಮರ್ಶಕರು ಇಡೀ ಪೇಪರ್ ಮತ್ತೆ ಹುಡುಕಬೇಕು, ಅವರಿಗೆ ಸಿಟ್ಟು ಬರುತ್ತದೆ. ಒಳ್ಳೆಯ ಉತ್ತರ: "ಒಪ್ಪುತ್ತೇವೆ. ಎಲ್ಲ ಕೈಮಗ್ಗಕ್ಕೂ ಅನ್ವಯ ಎಂಬ ವಾಕ್ಯವನ್ನು ತೆಗೆದಿದ್ದೇವೆ. ಪ್ರತಿ ಸೀರೆಗೂ ಹೊಸ ಹಾಸು ಬೇಕಾಗುವ, ಮುಂಗಡ ಪದ್ಧತಿ ಇರುವ ಕಡೆಗೆ ಮಾತ್ರ ನಮ್ಮ ವಾದ ಸೀಮಿತ ಎಂದು 24ನೇ ಪುಟದ ಎರಡನೇ ಪ್ಯಾರಾದಲ್ಲಿ ಸೇರಿಸಿದ್ದೇವೆ. ಆ ಪ್ಯಾರಾ ಕೆಳಗಿದೆ." ಹೊಸ ಪ್ಯಾರಾವನ್ನು ಅಲ್ಲೇ ಅಂಟಿಸಿ.

ವಿಮರ್ಶಕರು ಹೇಳಿದ್ದೆಲ್ಲ ಮಾಡಲೇಬೇಕಾ? ಇಲ್ಲ. "ಇನ್ನೂ 200 ಜನರನ್ನು ಕೇಳಿ" ಅಂದರೆ, ಆಗದಿದ್ದರೆ, ಯಾಕೆ ಆಗದು ಎಂದು ಹೇಳಿ. ಬದಲಿಗೆ ಇದ್ದ ಮಾಹಿತಿಯಲ್ಲೇ ಇನ್ನೊಂದು ಪರೀಕ್ಷೆ ಮಾಡಿ ತೋರಿಸಿ. ಅವರು ತಪ್ಪು ತಿಳಿದಿದ್ದರೆ "ನೀವು ಸರಿಯಾಗಿ ಓದಿಲ್ಲ" ಅನ್ನಬೇಡಿ, "ನಾವು ಸ್ಪಷ್ಟವಾಗಿ ಬರೆದಿರಲಿಲ್ಲ" ಅನ್ನಿ. ಹತ್ತರಲ್ಲಿ ಎಂಟು ಸಲ ಅದು ನಿಜವೂ ಹೌದು. ಇಬ್ಬರು ವಿಮರ್ಶಕರು ಒಬ್ಬರಿಗೊಬ್ಬರು ವಿರುದ್ಧ ಹೇಳಿದ್ದರೆ ಸಂಪಾದಕರಿಗೇ ಬರೆದು ದಾರಿ ಕೇಳಿ. ಅವರಿಗೆ ಅದು ಹೊಸದಲ್ಲ. ವಿಮರ್ಶಕರೊಬ್ಬರು ಸಂಬಂಧವಿಲ್ಲದ ನಾಲ್ಕು ಪೇಪರ್ ಉಲ್ಲೇಖಿಸಿ ಅಂದರೆ, ನಾಲ್ಕೂ ಒಬ್ಬರದ್ದೇ ಆಗಿದ್ದರೆ, ಅದನ್ನೂ ಸಂಪಾದಕರ ಗಮನಕ್ಕೆ ತನ್ನಿ. ಹೆದರಬೇಕಾಗಿಲ್ಲ.

ಗಡುವು ಮೀರುವಂತಿದ್ದರೆ ಮೊದಲೇ ಕೇಳಿ. ಸಾಮಾನ್ಯವಾಗಿ ಕೊಡುತ್ತಾರೆ. ಕೇಳದೆ ಮೀರಿದರೆ ತಂತ್ರಾಂಶ ಬಾಗಿಲು ಹಾಕುತ್ತದೆ, ಪೇಪರ್ ಹೊಸದಾಗಿ ಕ್ಯೂ ನಿಲ್ಲಬೇಕು. ಎರಡು ಮೂರು ಸುತ್ತು ನಡೆಯುವುದು ಮಾಮೂಲು. ಮೊದಲ ದಿನದಿಂದ ಒಪ್ಪಿಗೆವರೆಗೆ ಒಂದರಿಂದ ಎರಡು ವರ್ಷ ಇಟ್ಟುಕೊಂಡೇ ಹೊರಡಿ.

ಬೇಡ ಅಂದರೆ

ಮೇಲ್ಮನವಿ ಹಾಕುವುದು ವಾಸ್ತವದ ತಪ್ಪು ಆಗಿದ್ದರೆ ಮಾತ್ರ. ಅಭಿಪ್ರಾಯ ಸರಿಬರಲಿಲ್ಲ ಅಂತ ಹಾಕಬೇಡಿ. ವರದಿ ಬಂದಿದ್ದರೆ ಅದರಲ್ಲಿ ಹೇಳಿದ್ದನ್ನು ಸರಿಮಾಡಿ, ನಿಮ್ಮ ಪಟ್ಟಿಯ ಎರಡನೇ ಜರ್ನಲ್ಲಿಗೆ ಕಳಿಸಿ. ಸರಿಮಾಡದೆ ಕಳಿಸಿದರೆ ಅದೇ ವಿಮರ್ಶಕರ ಕೈಗೆ ಬೀಳುವ ಸಾಧ್ಯತೆ ಇದೆ. ನನಗೇ ಒಂದು ಪೇಪರ್ ಎರಡು ಜರ್ನಲ್‌ಗಳಿಂದ ಬಂದಿತ್ತು, ಅಲ್ಪವಿರಾಮ ಕೂಡ ಬದಲಾಗಿರಲಿಲ್ಲ.

ಮನಸ್ಸಿಗೆ ಬೇಜಾರಾದರೆ ಜಾರ್ಜ್ ಅಕರ್ಲಾಫ್ ಅವರನ್ನು ನೆನೆಯಿರಿ. ಹಳೆ ಕಾರು ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿರುವುದಿಲ್ಲ, ಇದರಿಂದ ಮಾರುಕಟ್ಟೆಯೇ ಕೆಡುತ್ತದೆ ಅಂತ ಅವರು ಬರೆದ ಪೇಪರನ್ನು ಮೂರು ಜರ್ನಲ್‌ಗಳು ಬೇಡ ಅಂದವು. ವಿಷಯ ತೀರಾ ಕ್ಷುಲ್ಲಕ ಅಂದವರೂ ಇದ್ದರು. ನಾಲ್ಕನೆಯದ್ದು 1970ರಲ್ಲಿ ಅಚ್ಚು ಹಾಕಿತು. 2001ರಲ್ಲಿ ಅವರಿಗೆ ನೊಬೆಲ್ ಬಂತು. ನಿಮ್ಮದಕ್ಕೂ ಬರುತ್ತದೆ ಅಂತ ನಾನು ಹೇಳುತ್ತಿಲ್ಲ.

ಒಪ್ಪಿಗೆ ಆದಮೇಲೆ

ಇಲ್ಲಿಂದ ಕೆಲಸ ಸಣ್ಣದು, ಗಡುವು ಬಿಗಿ. ಪ್ರೂಫ್, ಅಂದರೆ ಅಚ್ಚಿಗೆ ಮುಂಚಿನ ಪ್ರತಿ, ಬರುತ್ತದೆ, ಎರಡು ಮೂರು ದಿನದಲ್ಲಿ ನೋಡಿ ಕಳಿಸಬೇಕು. ಹೆಸರಿನ ಸ್ಪೆಲ್ಲಿಂಗ್, ಕಾಲೇಜಿನ ಹೆಸರು, ಕೋಷ್ಟಕದ ದಶಾಂಶ, ಈ ಮೂರು ನೋಡಿ. ಆಮೇಲೆ ಹಕ್ಕಿನ ಕಾಗದ. ಚಂದಾ ಜರ್ನಲ್ ಆದರೆ ಹಕ್ಕು ಅವರಿಗೆ ಹೋಗುತ್ತದೆ, ಸಾಮಾನ್ಯವಾಗಿ ನೀವು ದುಡ್ಡು ಕೊಡಬೇಕಾಗಿಲ್ಲ. ಓಪನ್ ಆಕ್ಸೆಸ್ ಆಯ್ಕೆ ಕೇಳಿದಾಗ ಕಣ್ಣು ಮುಚ್ಚಿ ಟಿಕ್ ಹಾಕಬೇಡಿ, ಡಾಲರ್‌ನಲ್ಲಿ ಬಿಲ್ ಬರುತ್ತದೆ. ಒಪ್ಪಿತವಾದ ಕರಡನ್ನು, ಅಚ್ಚಾದ ಪಿಡಿಎಫ್ ಅಲ್ಲ, ನಿಮ್ಮ ಸಂಸ್ಥೆಯ ಭಂಡಾರದಲ್ಲಿ ಹಾಕಲು ಹಲವು ಪ್ರಕಾಶಕರು ಬಿಡುತ್ತಾರೆ. ನಿಯಮ ಓದಿ ಹಾಕಿ. ಇಳಕಲ್‌ಗೆ ಹೋಗಿ, ಮಾತು ಕೊಟ್ಟ ನೇಕಾರರಿಗೆ ಕನ್ನಡದಲ್ಲಿ ಎರಡು ಪುಟದ ಸಾರ ಕೊಟ್ಟು ಬನ್ನಿ. ಯಾವ ಜರ್ನಲ್ಲೂ ಇದನ್ನು ಕೇಳುವುದಿಲ್ಲ, ನಾನು ಕೇಳುತ್ತೇನೆ.

ಒಂದೆರಡು ವರ್ಷದೊಳಗೆ ನಿಮ್ಮ ಮೇಲ್‌ಗೆ ಒಂದು ಆಮಂತ್ರಣ ಬರಬಹುದು: ಈ ಪೇಪರನ್ನು ವಿಮರ್ಶೆ ಮಾಡುತ್ತೀರಾ? ವಿಷಯ ಗೊತ್ತಿದ್ದರೆ, ಲೇಖಕರು ಪರಿಚಯದವರಲ್ಲ ಅನಿಸಿದರೆ, ಒಪ್ಪಿಕೊಳ್ಳಿ. ಆ ಫೈಲನ್ನು ಎಐ ತಂತ್ರಾಂಶಕ್ಕೆ ಹಾಕಬೇಡಿ, ಅದು ಇನ್ನೊಬ್ಬರ ಗುಟ್ಟು. ಆಗುವುದಿಲ್ಲ ಅಂದರೆ ಅವತ್ತೇ ಇಲ್ಲ ಅನ್ನಿ, ಜೊತೆಗೆ ಮಾಡಬಲ್ಲ ಇನ್ನಿಬ್ಬರ ಹೆಸರು ಕೊಡಿ. ಆ ಹೊತ್ತಿಗೆ ಯಾರೋ ಒಬ್ಬರು ಜಮಖಂಡಿಯಲ್ಲೋ ಸಿಂದಗಿಯಲ್ಲೋ ಕೂತು ಲಾಗಿನ್ ಆಗಿ, 'ವಿತ್ ಎಡಿಟರ್' ಅಂತ ಓದುತ್ತಿರುತ್ತಾರೆ.